ಕಾಟೇಜ್ ಚೀಸ್ ಮಾಡುವುದು ಹೇಗೆ, ಗಂಜಿಯಿಂದ ಬನ್ಸ್‌ವರೆಗೆ ಯಾವುದರ ಜೊತೆ ತಿನ್ನುವುದು

"ಕಾಟೇಜ್ ಚೀಸ್ ಅಂದ್ರೆ ಪನೀರೇ ಅಲ್ವಾ?" ಈ ಪ್ರಶ್ನೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಅದರ ಬೆನ್ನಿಗೇ ಇನ್ನೊಂದು: "ತೂಕ ಇಳಿಸಲು ಕಾಟೇಜ್ ಚೀಸ್ ತಿನ್ನಿ ಅಂದರು. ಪನೀರ್ ತುರಿದು ಹಣ್ಣಿನ ಜೊತೆ ತಿಂದೆ. ಒಣಒಣ, ಗಂಟಲಲ್ಲಿ ಇಳಿಯುವುದೇ ಇಲ್ಲ. ಏನು ಮಾಡಲಿ?" ಎರಡಕ್ಕೂ ಇಲ್ಲಿ ಒಟ್ಟಿಗೆ ಉತ್ತರ ಕೊಡುತ್ತೇನೆ. ಮಾಡುವ ಕ್ರಮ ಮೊದಲು, ನಮ್ಮ ಉಡುಪಿ, ಮಂಗಳೂರು ಕಡೆಯ ಊಟ ತಿಂಡಿಯ ಜೊತೆ ತಿನ್ನುವ ಬಗೆ ಆಮೇಲೆ.

ಗೊಂದಲಕ್ಕೆ ಕಾರಣ ಹೋಟೆಲಿನ ಮೆನು. ನಮ್ಮಲ್ಲಿ ಪನೀರ್‌ಗೆ ಇಂಗ್ಲಿಷಿನಲ್ಲಿ ಕಾಟೇಜ್ ಚೀಸ್ ಅಂತಲೇ ಬರೆಯುತ್ತಾರೆ. ಹೊರದೇಶದವರು ಆ ಹೆಸರಿನಲ್ಲಿ ತಿನ್ನುವುದು ಬೇರೆ. ಅದು ಉದುರು ಉದುರಾದ, ಮೆತ್ತಗಿನ, ಸ್ವಲ್ಪ ಹುಳಿ ಇರುವ ಗರಣೆ, ಅಂದರೆ ಹಾಲು ಒಡೆದಾಗ ಕಟ್ಟುವ ಬಿಳಿ ಗಟ್ಟಿ ಭಾಗ. ಇಲ್ಲಿ ಅದನ್ನು ಉದುರು ಚೀಸ್ ಅಂತ ಕರೆಯುತ್ತೇನೆ. ಅದನ್ನು ಒತ್ತಿ ಗಟ್ಟಿ ಮಾಡುವುದಿಲ್ಲ. ಉಪ್ಪು ಹಾಕಿ, ಕೆನೆ ಬೆರೆಸಿ, ಚಮಚದಲ್ಲಿ ಹಾಗೇ ತಿನ್ನುತ್ತಾರೆ. ಪನೀರ್ ಹಾಗಲ್ಲ, ಅದು ಒತ್ತಿದ ಗಟ್ಟಿ.

ಎರಡಕ್ಕೂ ಹಾಲು ಒಂದೇ, ವ್ಯತ್ಯಾಸ ಬಿಸಿಯಲ್ಲಿದೆ. ಹಾಲಿನ ಪ್ರೋಟೀನಿನಲ್ಲಿ ಸುಮಾರು 80 ಪಾಲು ಕೇಸಿನ್. ಹುಳಿ ಬಿದ್ದರೆ ಗಟ್ಟಿಯಾಗುವುದು ಇದೇ. ಉಳಿದ 20 ಪಾಲು ಹಾಲೊಡಕಿನ ಪ್ರೋಟೀನ್. ಹಾಲೊಡಕು ಅಂದರೆ ಹಾಲು ಒಡೆದಾಗ ಬೇರೆಯಾಗುವ ತಿಳಿನೀರು. ಹಾಲು ಕುದಿಸಿ ನಿಂಬೆ ಹಿಂಡಿದರೆ ಎರಡೂ ಪ್ರೋಟೀನ್ ಒಟ್ಟಿಗೆ ಕಟ್ಟಿಕೊಂಡು ಪನೀರ್ ಆಗುತ್ತದೆ. ಕುದಿಸದೆ ಬರೀ ಬೆಚ್ಚಗೆ ಮಾಡಿ ಹುಳಿ ಹಾಕಿದರೆ ಹೆಚ್ಚುಕಡಿಮೆ ಕೇಸಿನ್ ಮಾತ್ರ ಗರಣೆ ಕಟ್ಟುತ್ತದೆ. ಅದು ನೀರು ಹಿಡಿದುಕೊಂಡು ಮೆತ್ತಗೆ ಉಳಿಯುತ್ತದೆ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ನೆನಪಿಡಿ. ಉದುರು ಚೀಸ್ ಹಸಿಯಾಗಿ ತಿನ್ನಲು, ಪನೀರ್ ಬೇಯಿಸಿ ಹುರಿಯಲು. ನನಗೆ ಬರುವ ದೂರುಗಳಲ್ಲಿ ಮುಕ್ಕಾಲು ಪಾಲು ಇವೆರಡನ್ನು ಅದಲುಬದಲು ಮಾಡಿದ್ದರಿಂದಲೇ ಬಂದವು.

ಇನ್ನು ಗಿಣ್ಣು. ಚೀಸ್‌ಗೆ ಕನ್ನಡದಲ್ಲಿ ಗಿಣ್ಣು ಅಂತ ಬರೆಯುವವರಿದ್ದಾರೆ. ಆದರೆ ನಾವು ತಿನ್ನುವ ಗಿಣ್ಣು ಕರು ಹಾಕಿದ ಹಸುವಿನ ಮೊದಲ ದಿನಗಳ ಹಾಲಿನದ್ದು. ಅದು ಹುಳಿ ಇಲ್ಲದೆ ಬರೀ ಬಿಸಿಗೇ ಗಟ್ಟಿಯಾಗುತ್ತದೆ. ಆ ಲೆಕ್ಕ ಬೇರೆ.

ಬೇಕಾಗುವ ಸಾಮಾನು

ಟೋನ್ಡ್ ಹಾಲು 1 ಲೀಟರ್. ಟೋನ್ಡ್ ಅಂದರೆ ಕೊಬ್ಬಿನಂಶವನ್ನು 3 ಪ್ರತಿಶತಕ್ಕೆ ಇಳಿಸಿದ ಹಾಲು. ನಂದಿನಿಯ ನೀಲಿ ಪ್ಯಾಕೆಟ್ ಇದೇ. ಬಿಳಿ ವಿನೆಗರ್ 3 ದೊಡ್ಡ ಚಮಚ, ಅಂದರೆ 45 ಮಿಲಿ. ಉಪ್ಪು ಕಾಲು ಚಮಚ. ದಿನದ ಹಾಲು ಕಾಯಿಸಿ ಫ್ರಿಜ್‌ನಲ್ಲಿ ಇಟ್ಟಾಗ ಮೇಲೆ ಬರುವ ಕೆನೆ 2 ದೊಡ್ಡ ಚಮಚ. ತೂತಿನ ಪಾತ್ರೆ, ತೆಳುವಾದ ಮಲ್ ಬಟ್ಟೆ ಅಥವಾ ಹಳೆಯ ಪಂಚೆಯ ತುಂಡು. ಬಟ್ಟೆಯನ್ನು ಕುದಿಯುವ ನೀರಿನಲ್ಲಿ ಅದ್ದಿ ಹಿಂಡಿಕೊಳ್ಳಿ. ಸೋಪಿನ ವಾಸನೆ ಉಳಿದಿದ್ದರೆ ಅದು ನೇರ ಚೀಸಿಗೆ ಬರುತ್ತದೆ.

ಹಾಲಿನ ಬಗ್ಗೆ ಎರಡು ಮಾತು. ಪ್ಯಾಕೆಟ್ ಹಾಲು ಪಾಶ್ಚರೀಕರಿಸಿದ್ದು, ಅಂದರೆ ಡೈರಿಯಲ್ಲೇ ಬಿಸಿ ಮಾಡಿ ಕ್ರಿಮಿ ಕೊಂದದ್ದು. ಇವತ್ತಿನ ತಾಜಾ ಪ್ಯಾಕೆಟ್ ಆದರೆ ಮತ್ತೆ ಕುದಿಸುವುದು ಬೇಡ. ಕುದಿಸದಿದ್ದರೆ ಗರಣೆ ದೊಡ್ಡದಾಗಿ, ಚೆಂದ ಬರುತ್ತದೆ. ಆದರೆ ಮನೆ ಹಸುವಿನ ಹಾಲು ಅಥವಾ ಪಕ್ಕದ ಮನೆಯಿಂದ ತಂದ ಕರೆದ ಹಾಲು ಆದರೆ ಕುದಿಸಲೇಬೇಕು. ಕುದಿಸಿ, ಆರಿಸಿ, ಆಮೇಲೆ ಶುರು ಮಾಡಿ. ಗರಣೆ ಸ್ವಲ್ಪ ಸಣ್ಣದಾಗುತ್ತದೆ, ಪರವಾಗಿಲ್ಲ. ಹಸಿಯಾಗಿ ತಿನ್ನುವ ವಸ್ತುವಿನಲ್ಲಿ ಈ ವಿಷಯಕ್ಕೆ ರಾಜಿ ಬೇಡ.

"ಕರೆಂಟ್ ಹೋಗಿ ಹಾಲು ತಾನಾಗೇ ಒಡೆಯಿತು, ಅದರಿಂದ ಮಾಡಬಹುದಾ?" ಮಳೆಗಾಲದಲ್ಲಿ ಈ ಪ್ರಶ್ನೆ ಜಾಸ್ತಿ. ಬೇಡ. ನೀವು ಹುಳಿ ಹಾಕಿ ಒಡೆಸುವುದು ಒಂದು, ಬ್ಯಾಕ್ಟೀರಿಯಾ ಬೆಳೆದು ಒಡೆಯುವುದು ಇನ್ನೊಂದು. ಯಾವ ಬ್ಯಾಕ್ಟೀರಿಯಾ ಅಂತ ನೋಡಿ ಹೇಳಲು ಆಗುವುದಿಲ್ಲ. ಚೆಲ್ಲಿಬಿಡಿ.

ಉದುರು ಚೀಸ್ ಮಾಡುವ ಕ್ರಮ

1. ದಪ್ಪ ತಳದ ಪಾತ್ರೆಯಲ್ಲಿ ಹಾಲು ಹಾಕಿ, ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ. ಬೇಕಾದ್ದು ಸುಮಾರು 50 ಡಿಗ್ರಿ ಸೆಲ್ಸಿಯಸ್. ಥರ್ಮಾಮೀಟರ್ ಇಲ್ಲದಿದ್ದರೆ ತೊಳೆದ ಬೆರಳು ಅದ್ದಿ ಒಂದು, ಎರಡು, ಮೂರು ಎಣಿಸಿ. ಮೂರರ ಹೊತ್ತಿಗೆ ಬೆರಳು ತೆಗೆಯೋಣ ಅನ್ನಿಸಬೇಕು. ಮೊಸರಿಗೆ ಹೆಪ್ಪು ಹಾಕುವ ಬಿಸಿಗಿಂತ ಇದು ಒಂದು ಹದ ಮೇಲೆ. ಅಂಚಿನಲ್ಲಿ ಗುಳ್ಳೆ ಕಂಡರೆ ಬಿಸಿ ಜಾಸ್ತಿ ಆಯಿತು ಅಂತ ಅರ್ಥ. ಆಗ ಒಲೆಯಿಂದ ಇಳಿಸಿ, ಮತ್ತೆ ಬೆರಳಿನ ಲೆಕ್ಕಕ್ಕೆ ಬರುವವರೆಗೆ ಕಾಯಿರಿ.

2. ಒಲೆ ಆರಿಸಿ. ವಿನೆಗರನ್ನು ಸುತ್ತಲೂ ಬೀಳುವಂತೆ ನಿಧಾನ ಹಾಕಿ. ಮರದ ಸೌಟಿನಿಂದ ಒಂದು ನಿಮಿಷ ಮೆಲ್ಲಗೆ ತಿರುಗಿಸಿ. ಮೊಸರು ಕಡೆದ ಹಾಗೆ ಕಡೆಯಬೇಡಿ. ಕಡೆದರೆ ಗರಣೆ ಪುಡಿಯಾಗಿ ಬಟ್ಟೆಯ ತೂತಿನಲ್ಲೇ ಹೋಗುತ್ತದೆ.

3. ಮುಚ್ಚಿ ಅರ್ಧ ಗಂಟೆ ಬಿಡಿ. ಈ ಅರ್ಧ ಗಂಟೆಯಲ್ಲಿ ಮುಚ್ಚಳ ತೆಗೆದು ತಿರುಗಿಸುವ ಆಸೆ ಬರುತ್ತದೆ. ಸುಮ್ನೆ ಇದ್ದುಬಿಡಿ. ಕೊನೆಗೆ ತೆರೆದು ನೋಡಿದರೆ ಬಿಳಿ ಗರಣೆ ಒಂದು ಕಡೆ, ತಿಳಿ ಹಳದಿ ಹಸಿರು ನೀರು ಇನ್ನೊಂದು ಕಡೆ ಇರಬೇಕು. ಆ ಹಸಿರು ಛಾಯೆ ಹಾಲಿನಲ್ಲಿರುವ ಬಿ2 ಜೀವಸತ್ವದ್ದು, ಹೆದರಬೇಡಿ. ನೀರು ಇನ್ನೂ ಹಾಲಿನಂತೆ ಬೆಳ್ಳಗಿದ್ದರೆ ಇನ್ನೊಂದು ಚಮಚ ವಿನೆಗರ್ ಹಾಕಿ ಹತ್ತು ನಿಮಿಷ ಬಿಡಿ.

4. ಬಟ್ಟೆ ಹಾಸಿದ ತೂತಿನ ಪಾತ್ರೆಗೆ ಮೆಲ್ಲಗೆ ಸುರಿಯಿರಿ. ಐದು ನಿಮಿಷ ತಾನಾಗಿ ಸೋರಲಿ. ಹಿಂಡಬೇಡಿ.

5. ಬಟ್ಟೆಯ ನಾಲ್ಕು ಮೂಲೆ ಹಿಡಿದು, ಕುದಿಸಿ ಆರಿಸಿ ಫ್ರಿಜ್‌ನಲ್ಲಿಟ್ಟ ತಣ್ಣೀರಿನಲ್ಲಿ ಅದ್ದಿ. ಕೈಯಲ್ಲಿ ಗರಣೆಯನ್ನು ಮೆಲ್ಲಗೆ ಬಿಡಿಸಿ. ಈ ಹಂತವನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಆಮೇಲೆ ವಿನೆಗರ್ ವಾಸನೆ ಅಂತ ಬೇಸರ ಮಾಡಿಕೊಳ್ಳುತ್ತಾರೆ. ತೊಳೆಯುವುದರಿಂದ ವಾಸನೆ ಹೋಗುತ್ತದೆ, ತಣ್ಣೀರಿಗೆ ಗರಣೆ ಗಟ್ಟಿಯಾಗಿ ಒಂದಕ್ಕೊಂದು ಅಂಟದೆ ಉಳಿಯುತ್ತದೆ. ಬೆರಳ ಮಧ್ಯೆ ಒಂದು ಗರಣೆ ಒತ್ತಿ ನೋಡಿ. ಸಾಬಕ್ಕಿ ಬೆಂದ ಹಾಗೆ ಒಂಚೂರು ಪುಟಿಯಬೇಕು, ಹಿಟ್ಟಿನ ಹಾಗೆ ಮೆತ್ತಿಕೊಳ್ಳಬಾರದು.

6. ನೀರು ಬಸಿದು, ಉಪ್ಪು ಹಾಕಿ, ಕೊನೆಗೆ ಕೆನೆ ಬೆರೆಸಿ. ಕೆನೆಯನ್ನು ಮೊದಲು ಚಮಚದಿಂದ ನುಣ್ಣಗೆ ಮಾಡಿಕೊಳ್ಳಿ, ಪದರ ಪದರ ಇದ್ದರೆ ಬಾಯಿಗೆ ಸಿಕ್ಕಿ ಹಿತ ಅನ್ನಿಸುವುದಿಲ್ಲ. ಹೋಮೋಜಿನೈಸ್ಡ್ ಹಾಲಿನಲ್ಲಿ, ಅಂದರೆ ಕೊಬ್ಬನ್ನು ಸಣ್ಣ ಹನಿ ಮಾಡಿ ಹಾಲಿಡೀ ಬೆರೆಸಿದ ಹಾಲಿನಲ್ಲಿ, ಕೆನೆ ಕಟ್ಟುವುದು ಕಡಿಮೆ. ಅಂಥವರು ಅಂಗಡಿಯ ಕ್ರೀಮ್ ಹಾಕಬಹುದು. ಗಟ್ಟಿ ಮೊಸರು ಹಾಕಿದರೂ ಚೆನ್ನಾಗಿರುತ್ತದೆ, ಹುಳಿ ಸ್ವಲ್ಪ ಏರುತ್ತದೆ.

ಒಂದು ಲೀಟರಿಗೆ ಸಿಗುವುದು ಮುಕ್ಕಾಲು ಕಪ್ ಆಸುಪಾಸು. ಇಬ್ಬರಿಗೆ ಒಂದು ಹೊತ್ತಿಗೆ ಸಾಕು.

ಯಾವುದರ ಜೊತೆ ತಿನ್ನುವುದು

ನನಗೆ ಅತಿ ಇಷ್ಟವಾದದ್ದು ಕುಚ್ಚಲಕ್ಕಿ ಗಂಜಿಯ ಜೊತೆ. ಕೇಳಲು ವಿಚಿತ್ರ ಅನ್ನಿಸಬಹುದು. ಆದರೆ ಗಂಜಿಗೆ ಬೇಕಾದ್ದು ಏನು? ಉಪ್ಪು, ಹುಳಿ, ಖಾರ, ಒಂಚೂರು ಜಿಡ್ಡು. ಒಂದು ತಟ್ಟೆಯ ಬದಿಯಲ್ಲಿ ಎರಡು ಚಮಚ ಉದುರು ಚೀಸ್ ಹಾಕಿಕೊಳ್ಳಿ. ಅದರ ಮೇಲೆ ಮಿಡಿ ಉಪ್ಪಿನಕಾಯಿಯ ರಸ, ಮಿಡಿಯಲ್ಲ, ರಸ ಮಾತ್ರ, ಅರ್ಧ ಚಮಚ ಬಿಡಿ. ನಾಲ್ಕು ಹನಿ ತೆಂಗಿನೆಣ್ಣೆ. ಬಿಳಿ ಗರಣೆಯ ಸಂದಿಯಲ್ಲಿ ಕೆಂಪು ರಸ ಇಳಿಯುತ್ತದೆ, ಎಣ್ಣೆ ಮೇಲೆ ಹೊಳೆಯುತ್ತದೆ. ಒಂದು ತುತ್ತು ಗಂಜಿ, ಒಂದು ಬೆರಳ ತುದಿ ಚೀಸ್. ಗಂಜಿಯೊಳಗೆ ಮಾತ್ರ ಕಲಸಬೇಡಿ. ಬಿಸಿ ಗಂಜಿಗೆ ಬಿದ್ದರೆ ಗರಣೆ ಬಿಗಿದುಕೊಂಡು ರಬ್ಬರ್ ಆಗುತ್ತದೆ. ಉಪ್ಪಿನಕಾಯಿ ರಸದಲ್ಲೇ ಉಪ್ಪು ಬೇಕಾದಷ್ಟಿದೆ, ಆರನೇ ಹಂತದ ಉಪ್ಪನ್ನು ಆ ದಿನ ಬಿಟ್ಟುಬಿಡಿ. ಬಿಪಿ ಇರುವವರು ರಸವನ್ನೂ ಕಡಿಮೆ ಮಾಡಿ, ಬದಲಿಗೆ ಒಂದು ಗಾಂಧಾರಿ ಮೆಣಸು ನುರಿದು ಹಾಕಿಕೊಳ್ಳಿ.

ಮುಳ್ಳುಸೌತೆ ಕೋಸಂಬರಿಗೆ ಇದು ಹೇಳಿ ಮಾಡಿಸಿದ ಜೋಡಿ. ಮುಳ್ಳುಸೌತೆ ಸಣ್ಣಗೆ ಕೊಚ್ಚಿ, ಒಂದು ಹಿಡಿ ತೆಂಗಿನ ತುರಿ, ಹಸಿಮೆಣಸು, ಅದರ ಮೇಲೆ ಸಾಸಿವೆ ಇಂಗಿನ ಒಗ್ಗರಣೆ. ಒಗ್ಗರಣೆ ಆರಿದ ಮೇಲೆ ಚೀಸ್ ಸೇರಿಸಿ. ಉಪ್ಪು ಬಡಿಸುವಾಗ ಹಾಕಿ. ಮೊದಲೇ ಹಾಕಿದರೆ ಸೌತೆ ನೀರು ಬಿಟ್ಟು ಎಲ್ಲ ತೇಲಾಡುತ್ತದೆ. ನಿಂಬೆರಸ ಬೇಡ, ಚೀಸಿನ ಹುಳಿಯೇ ಸಾಕು.

ಗುಳ್ಳದ, ಅಂದರೆ ಗುಂಡು ಬದನೆಯ, ಗೊಜ್ಜಿನಲ್ಲೂ ಹಾಕಿ ನೋಡಿ. ಉಡುಪಿಯ ಮಟ್ಟು ಗುಳ್ಳಕ್ಕೆ 2011ರಲ್ಲಿ ಜಿಐ, ಅಂದರೆ ಆ ಊರಿನದೇ ಬೆಳೆ ಅಂತ ಹೇಳುವ ಮಾನ್ಯತೆ, ಸಿಕ್ಕಿದೆ. ಅದರ ಸಿಪ್ಪೆ ತೆಳು, ಸುಟ್ಟರೆ ಬೆಣ್ಣೆಯ ಹಾಗೆ ಆಗುತ್ತದೆ. ಸುಡುವ ಮೊದಲು ಚಾಕುವಿನಿಂದ ಎರಡು ಕಡೆ ಚುಚ್ಚಿ, ಇಲ್ಲದಿದ್ದರೆ ಸಿಡಿಯುತ್ತದೆ. ಸಿಪ್ಪೆ ತೆಗೆದು ಹಿಚುಕಿ, ಉಪ್ಪು, ಹಸಿಮೆಣಸು, ಹಸಿ ತೆಂಗಿನೆಣ್ಣೆ ಹಾಕಿ. ಮೊಸರು ಹಾಕುವವರು ಮೊಸರಿನ ಬದಲು ಚೀಸ್ ಹಾಕಿ. ಪೂರ್ತಿ ಆರಿದ ಮೇಲೆ ಹಾಕಬೇಕು ಅಷ್ಟೇ.

ಸಿಹಿ ಬೇಕೆನ್ನುವವರಿಗೆ ನೀರುದೋಸೆ. ಕಾಯಿ ಬೆಲ್ಲ ಹೇಗೂ ಮಾಡುತ್ತೀರಿ. ಕಾಯಿ ಬೆಲ್ಲದ ಅರ್ಧದಷ್ಟು ಉಪ್ಪಿಲ್ಲದ ಚೀಸ್, ಒಂದು ಚಿಟಿಕೆ ಏಲಕ್ಕಿ ಸೇರಿಸಿ ದೋಸೆಯೊಳಗೆ ಮಡಚಿ. ಬೆಲ್ಲದ ಸಿಹಿಗೆ ಚೀಸಿನ ಹುಳಿ ಸೇರಿ, ಎರಡು ದೋಸೆಗೆ ಬೇಸರ ಬರುವವರೂ ನಾಲ್ಕು ತಿನ್ನುತ್ತಾರೆ. ಕಲಸಿ ತುಂಬಾ ಹೊತ್ತು ಇಡಬೇಡಿ, ಬೆಲ್ಲ ನೀರಾಗಿ ದೋಸೆ ಹರಿಯುತ್ತದೆ.

ಬನ್ಸ್ ಬಗ್ಗೆ ಒಂದೇ ಸಾಲು. ನಿನ್ನೆಯ ಮಂಗಳೂರು ಬನ್ಸ್ ಉಳಿದಿದ್ದರೆ ಅಡ್ಡ ಸೀಳಿ, ಕಾವಲಿಯಲ್ಲಿ ಬೆಚ್ಚಗೆ ಮಾಡಿ, ಒಳಗೆ ಚೀಸ್ ಮತ್ತು ಜಾಸ್ತಿಯೇ ಕಾಳುಮೆಣಸಿನ ಪುಡಿ ಹಾಕಿ.

ಹಣ್ಣಿನ ವಿಷಯದಲ್ಲಿ ಎಚ್ಚರಿಕೆ ಇದೆ. ಚೀಸ್ ಮತ್ತು ಅನಾನಸ್ ಹೊರದೇಶದವರ ಹಳೆಯ ಜೋಡಿ, ರುಚಿಯೂ ಹೌದು. ಆದರೆ ಹಸಿ ಅನಾನಸಿನಲ್ಲಿ ಬ್ರೊಮೆಲೈನ್ ಎನ್ನುವ ಕಿಣ್ವ ಇದೆ. ಕಿಣ್ವ ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕು ಮಾಡುವ ವಸ್ತು, ಈ ಕಿಣ್ವ ಪ್ರೋಟೀನನ್ನು ತುಂಡು ಮಾಡುತ್ತದೆ. ತಾಜಾ ಅನಾನಸ್ ಬೆರೆಸಿ ಫ್ರಿಜ್‌ನಲ್ಲಿಟ್ಟರೆ ಒಂದೆರಡು ಗಂಟೆಯಲ್ಲಿ ಚೀಸ್ ಕಹಿಯಾಗಿ, ನೀರು ಬಿಡಲು ಶುರುವಾಗುತ್ತದೆ. "ಹಾಲು ಹಾಳಾಗಿತ್ತೇನೋ" ಅಂತ ಬರೆಯುವವರಲ್ಲಿ ಹಲವರು ಅನಾನಸ್ ಹಾಕಿಟ್ಟವರು. ಪಪ್ಪಾಯಿಯದ್ದೂ ಇದೇ ಗುಣ, ಹಣ್ಣಾದಷ್ಟೂ ಕಡಿಮೆ. ಕಲಸಿದ ಕೂಡಲೇ ತಿಂದರೆ ತೊಂದರೆ ಇಲ್ಲ. ಬೇಯಿಸಿದರೆ ಆ ಕಿಣ್ವ ಸಾಯುತ್ತದೆ. ಹಾಗಾಗಿ ಅನಾನಸ್ ಮೆಣಸ್ಕಾಯಿ ಆರಿದ ಮೇಲೆ ಅದರ ಪಕ್ಕ ಒಂದು ಚಮಚ ಚೀಸ್ ಹಾಕಿಕೊಂಡು ತಿನ್ನುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಎಳ್ಳಿನ ಘಮ, ಬೆಲ್ಲ, ಖಾರ, ಇದರ ತಂಪು. ಹಬ್ಬದ ಮರುದಿನ ಮೆಣಸ್ಕಾಯಿ ಉಳಿದರೆ ಖಂಡಿತ ಮಾಡಿ. ಮಾವಿನಹಣ್ಣು, ಬಾಳೆಹಣ್ಣಿಗೆ ಈ ತಲೆಬಿಸಿ ಇಲ್ಲ.

ಹುರಿಯಲು ಬೇಕಾದರೆ: ಪನೀರ್

"ಘೀ ರೋಸ್ಟ್‌ಗೆ, ಅಂದರೆ ತುಪ್ಪದಲ್ಲಿ ಬಾಡಿಸಿದ ಖಾರದ ಮಸಾಲೆಗೆ, ಉದುರು ಚೀಸ್ ಹಾಕಬಹುದಾ?" ಅಂತಲೂ ಕೇಳುತ್ತಾರೆ. ಉದುರು ಚೀಸನ್ನು ನಾನೂ ಒಮ್ಮೆ ಘೀ ರೋಸ್ಟ್ ಮಸಾಲೆಗೆ ಹಾಕಿದ್ದೆ. ಐದು ನಿಮಿಷದಲ್ಲಿ ಮಸಾಲೆಯೆಲ್ಲ ನುಚ್ಚುನುಚ್ಚಾಗಿ, ತುಪ್ಪ ಒಂದು ಕಡೆ ನೀರು ಒಂದು ಕಡೆ ಆಯಿತು. ಅದಕ್ಕೆ ಪನೀರೇ ಬೇಕು.

1. 4.5 ಪ್ರತಿಶತ ಅಥವಾ 6 ಪ್ರತಿಶತ ಕೊಬ್ಬಿನ ಹಾಲು 1 ಲೀಟರ್ ಕುದಿಸಿ. ಉರಿ ಆರಿಸಿ ಎರಡು ಮೂರು ನಿಮಿಷ ಕಾಯಿರಿ. ಕೊತಕೊತ ಕುದಿಯುವಾಗಲೇ ಹುಳಿ ಹಾಕಿದರೆ ಪನೀರ್ ಗಡುಸಾಗುತ್ತದೆ.

2. ನಿಂಬೆರಸ 2 ದೊಡ್ಡ ಚಮಚ, ಅಷ್ಟೇ ನೀರು ಬೆರೆಸಿ, ಸ್ವಲ್ಪ ಸ್ವಲ್ಪವೇ ಹಾಕಿ. ನೀರು ತಿಳಿಯಾದ ಕೂಡಲೇ ನಿಲ್ಲಿಸಿ. ಉಳಿದ ರಸವನ್ನು ಸುಮ್ನೆ ಸುರಿಯಬೇಡಿ.

3. ಸೋಸಿ, ತಣ್ಣೀರಿನಲ್ಲಿ ತೊಳೆದು, ಬಟ್ಟೆ ಮಡಚಿ ಎರಡು ತಟ್ಟೆಗಳ ನಡುವೆ ಇಡಿ. ಮೇಲೆ ಒಂದೂವರೆ ಕಿಲೋದಷ್ಟು ಭಾರ, ಇಪ್ಪತ್ತೈದು ನಿಮಿಷ. ನೀರು ತುಂಬಿದ ಪಾತ್ರೆ ಸಾಕು. ಅರೆಯುವ ಕಲ್ಲಿನ ಗುಂಡು ಇಟ್ಟು ರಾತ್ರಿಯಿಡೀ ಬಿಟ್ಟವರಿದ್ದಾರೆ. ಅದು ಇಟ್ಟಿಗೆಯಾಗುತ್ತದೆ.

4. ಗಟ್ಟಿಯನ್ನು ಫ್ರಿಜ್‌ನ ತಣ್ಣೀರಿನಲ್ಲಿ ಎರಡು ಗಂಟೆ ಮುಳುಗಿಸಿಡಿ. ಆಮೇಲೆಯೇ ಕತ್ತರಿಸಿ. ಬಿಸಿಯಲ್ಲಿ ಕತ್ತರಿಸಿದರೆ ಅಂಚು ಉದುರುತ್ತದೆ.

ಸುಮಾರು 150ರಿಂದ 200 ಗ್ರಾಂ ಬರುತ್ತದೆ, ಹಾಲು ದಪ್ಪ ಇದ್ದಷ್ಟೂ ಜಾಸ್ತಿ. ಅಂಗಡಿಯಿಂದ ತರುವವರು ಲೇಬಲ್ ಓದಿ. 'ಅನಲಾಗ್' ಅಂತ ಇದ್ದರೆ ಅದರಲ್ಲಿ ಹಾಲಿನ ಕೊಬ್ಬಿನ ಬದಲು ಸಸ್ಯದ ಎಣ್ಣೆ ಇರಬಹುದು. ಹಿಟ್ಟು ಬೆರೆಸಿದ ಸಂಶಯ ಇದ್ದರೆ ಒಂದು ತುಂಡು ನೀರಿನಲ್ಲಿ ಕುದಿಸಿ ಆರಿಸಿ, ಎರಡು ಹನಿ ಟಿಂಚರ್ ಅಯೋಡಿನ್ ಹಾಕಿ. ನೀಲಿಯಾದರೆ ಹಿಟ್ಟು ಇದೆ. ಆ ತುಂಡನ್ನು ಎಸೆಯಿರಿ, ತಿನ್ನಬೇಡಿ.

ಘೀ ರೋಸ್ಟ್ ಕುಂದಾಪುರದ ಕೊಡುಗೆ. ಹುಟ್ಟಿದ್ದು ಕೋಳಿಯಲ್ಲಿ, ಪನೀರ್ ಆಮೇಲೆ ಬಂದದ್ದು. 200 ಗ್ರಾಂ ಪನೀರಿಗೆ ಬ್ಯಾಡಗಿ ಮೆಣಸು 8, ಕೊತ್ತಂಬರಿ ಬೀಜ 1 ದೊಡ್ಡ ಚಮಚ, ಜೀರಿಗೆ ಅರ್ಧ ಚಮಚ, ಕಾಳುಮೆಣಸು 8, ಮೆಂತೆ 6 ಕಾಳು. ಬೇರೆ ಬೇರೆಯಾಗಿ ಹುರಿಯಿರಿ. ಮೆಂತೆ ಕಪ್ಪಾದರೆ ಇಡೀ ಮಸಾಲೆ ಕಹಿ. ಆರು ಎಸಳು ಬೆಳ್ಳುಳ್ಳಿ, ಸಣ್ಣ ಗೋಲಿಯಷ್ಟು ಹುಣಸೆಹುಳಿ ಸೇರಿಸಿ, ಆದಷ್ಟು ಕಡಿಮೆ ನೀರಿನಲ್ಲಿ ನುಣ್ಣಗೆ ಅರೆಯಿರಿ. 4 ದೊಡ್ಡ ಚಮಚ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಬಾಡಿಸಿ. ಬಣ್ಣ ಇಟ್ಟಿಗೆ ಕೆಂಪಿನಿಂದ ಗಾಢವಾಗಿ, ಬದಿಯಲ್ಲಿ ತುಪ್ಪ ಬಿಡಬೇಕು. ಅವಸರದವರು ಸೋಲುವುದು ಇಲ್ಲೇ. ಪನೀರ್ ತುಂಡುಗಳನ್ನು ಅಷ್ಟರಲ್ಲಿ ಉಪ್ಪು ಹಾಕಿದ ಬಿಸಿನೀರಿನಲ್ಲಿ ಹತ್ತು ನಿಮಿಷ ಇಟ್ಟಿರಿ, ಒಳಗೂ ಉಪ್ಪು ಹಿಡಿಯುತ್ತದೆ. ಮಸಾಲೆಗೆ ಒಂದು ಚೂರು ಬೆಲ್ಲ ಹಾಕಿ, ಪನೀರ್ ಸೇರಿಸಿ, ಮೂರು ನಾಲ್ಕೇ ನಿಮಿಷ. ಅದಕ್ಕಿಂತ ಜಾಸ್ತಿ ಹುರಿದರೆ ನೀರಂಶ ಹೋಗಿ ಅಗಿಯಲು ಬಿಗಿಯಾಗುತ್ತದೆ. ಜೊತೆಗೆ ನೀರುದೋಸೆ.

ಇಡುವುದು ಎಷ್ಟು ದಿನ

ನಮ್ಮ ಸೆಕೆಯಲ್ಲಿ ಹೊರಗೆ ಇಡುವ ಮಾತೇ ಬೇಡ. ಮಾಡಿ ಒಂದು ಗಂಟೆಯೊಳಗೆ ಫ್ರಿಜ್ ಸೇರಬೇಕು. ಉದುರು ಚೀಸ್ ಮುಚ್ಚಳದ ಡಬ್ಬಿಯಲ್ಲಿ ಮೂರು ದಿನ. ಕೆನೆಯನ್ನು ತಿನ್ನುವಾಗಲೇ ಬೆರೆಸಿಕೊಂಡರೆ ಒಳ್ಳೆಯದು. ಪನೀರನ್ನು ನೀರಿನಲ್ಲಿ ಮುಳುಗಿಸಿ, ದಿನಾ ನೀರು ಬದಲಿಸಿದರೆ ಮೂರು ನಾಲ್ಕು ದಿನ. ಮೇಲೆ ಲೋಳೆ ಬಂದರೆ, ಗುಲಾಬಿ ಅಥವಾ ಹಸಿರು ಚುಕ್ಕಿ ಕಂಡರೆ ಆ ಭಾಗ ಕೆರೆದು ತಿನ್ನಬೇಡಿ, ಪೂರ್ತಿ ಎಸೆಯಿರಿ. ಚಮಚ ಒದ್ದೆ ಇರಬಾರದು, ಎಂಜಲಂತೂ ಖಂಡಿತ ಆಗಬಾರದು. ಪನೀರನ್ನು ಫ್ರೀಜರ್‌ನಲ್ಲಿಡಬಹುದು, ಆಮೇಲೆ ಸ್ವಲ್ಪ ಪುಡಿಪುಡಿಯಾಗುತ್ತದೆ, ಪಲ್ಯಕ್ಕೆ ಸರಿ. ಉದುರು ಚೀಸನ್ನು ಫ್ರೀಜರ್‌ನಲ್ಲಿ ಇಡಬೇಡಿ.

ಉಳಿದ ಹಾಲೊಡಕು ಲೀಟರಿಗೆ ಮುಕ್ಕಾಲು ಲೀಟರ್‌ಗಿಂತ ಜಾಸ್ತಿಯೇ ಇರುತ್ತದೆ, ಚೆಲ್ಲಲು ಮನಸ್ಸು ಬರುವುದಿಲ್ಲ. ನಿಂಬೆ ಹಾಕಿದ್ದನ್ನು ಚಪಾತಿ ಹಿಟ್ಟಿಗೆ ನೀರಿನ ಬದಲು ಹಾಕಿ, ಚಪಾತಿ ಮೆತ್ತಗೆ ಬರುತ್ತದೆ. ಸಾರಿಗೂ ಆಗುತ್ತದೆ, ಹುಣಸೆಹುಳಿ ಅರ್ಧ ಮಾಡಿ. ವಿನೆಗರ್ ಹಾಕಿದ್ದಕ್ಕೆ ವಾಸನೆ ಇರುವುದರಿಂದ ಸಾರಿಗೆ ಬೇಡ. ಅದಕ್ಕೆ ಐದು ಪಾಲು ನೀರು ಬೆರೆಸಿ ತೆಂಗಿನ ಬುಡಕ್ಕೆ ಹಾಕಿ, ಹೂವಿನ ಕುಂಡಕ್ಕೆ ಹಾಕಬೇಡಿ, ಇರುವೆ ಬರುತ್ತದೆ.